ಅಜ್ಜನ ಕಾಲದ ಲೀ-ಎನ್‌ಫೀಲ್ಡ್ ರೈಫಲ್‌ಗೆ ಆ ಕಾಲದ್ದೇ ಬಿಡಿಭಾಗ ಹಾಕಿಸಬಹುದೇ?

ಹಾಕಿಸಬಹುದು, ಆದರೆ ಮೊದಲು ನೋಡಬೇಕಾದದ್ದು ದಾಖಲೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆಯಾದರೂ, ಈ ರೈಫಲ್‌ನ ನಳಿಗೆಯ ಅಳತೆಯಾದ .303 ನಮ್ಮ ದೇಶದಲ್ಲಿ ನಿಷೇಧಿತ ಬೋರ್ ಆದ್ದರಿಂದ ಆ ವಿನಾಯಿತಿ ಇದಕ್ಕೂ ಸಲ್ಲುತ್ತದೆಂದು ಭಾವಿಸದೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಿರಿ. 1959ರ ಆಯುಧ ಕಾಯ್ದೆಯಂತೆ ಬಂದೂಕು ರಿಪೇರಿಯ ಕಸುಬಿಗೂ ಪರವಾನಗಿ ಬೇಕು. ಊರಿನ ಕಮ್ಮಾರರಿಗೆ ಕೊಡುವಂತಿಲ್ಲ.

ಬಿಡಿಭಾಗ ಹುಡುಕುವ ಮುನ್ನ ಬೋಲ್ಟಿನ ಹಿಡಿಕೆಯ ಕೆಳಗೆ, ಮರದ ಬಟ್ ಸೇರುವ ಉಕ್ಕಿನ ಪಟ್ಟಿಯ ಬಲಬದಿಯನ್ನು ಓದಿ: ಕಿರೀಟ, ಕಾರ್ಖಾನೆಯ ಹೆಸರು, ಇಸವಿ, ಮಾದರಿ ಅಲ್ಲಿರುತ್ತವೆ. ಮಾದರಿ ಮಾರ್ಕ್ 3 ಆಗಿದ್ದರೆ ಮ್ಯಾಗಝಿನ್ ಮೇಲೆ ಸರಿದು ತೋಟಾ ಮೇಲೇರದಂತೆ ತಡೆಯುವ ಕಟಾಫ್ ತಗಡು ಮೂಲದ್ದೇ. ಮೊದಲ ಮಹಾಯುದ್ಧದಲ್ಲಿ ಸರಳಗೊಳಿಸಿದ, ನಕ್ಷತ್ರ ಚಿಹ್ನೆಯ ಮಾರ್ಕ್ 3ರಲ್ಲಿ ಅದನ್ನು ಕೈಬಿಟ್ಟಿದ್ದರು. ಅಂದಕ್ಕೆಂದು ಎಲ್ಲಕ್ಕೂ ಅದನ್ನು ಕೂರಿಸುವುದು ಶುದ್ಧ ತಪ್ಪು. ಬೋಲ್ಟನ್ನಂತೂ ಬೇರೆ ಬಂದೂಕಿನಿಂದ ತಂದು ಹಾಕಿ ಹಾಗೆಯೇ ಗುಂಡು ಹಾರಿಸಬೇಡಿ. ಬೋಲ್ಟಿಗೂ ತೋಟಾ ಕೂರುವ ಕೋಣೆಗೂ ಇರುವ ಅಂತರವನ್ನು ಪರವಾನಗಿ ಪಡೆದ ಕುಶಲಕರ್ಮಿಯೇ ಗೇಜಿನಿಂದ ಅಳೆಯಬೇಕು.

ಮರಕ್ಕೆ ಉಪ್ಪುಕಾಗದ ಮುಟ್ಟಿಸಬೇಡಿ, ಮುದ್ರೆಗಳು ಅಳಿಸಿಹೋಗುತ್ತವೆ. ಒದ್ದೆ ಬಟ್ಟೆಯಲ್ಲಿ ಕೊಳೆ ಒರೆಸಿ, ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ತೆಳುವಾಗಿ ತಿಕ್ಕಿ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಪೂಜೆಗೆ ಇಡುವುದಷ್ಟೇ ಉದ್ದೇಶವಾದರೆ ಇಷ್ಟೇ ಧಾರಾಳವಾಗಿ ಸಾಕು.