ಉಪ್ಪಳದವರು ಮಂಗಳೂರಿಗೇ ಯಾಕೆ ಓಡುತ್ತಾರೆ?

ಆಸ್ಪತ್ರೆಗಳಿಗೆ ಹೆಸರಾದ ಕೇರಳದಲ್ಲೇ ಇದ್ದುಕೊಂಡು, ಎದೆನೋವು ಬಂದರೆ ನೀವು ಕರ್ನಾಟಕಕ್ಕೆ ಯಾಕೆ ಹೋಗುತ್ತೀರಿ ಅಂತ ಕೇಳಿದ್ದೀರಿ. ಹತ್ತಿರ, ಅಷ್ಟೇ. ಕಾಸರಗೋಡು ಜಿಲ್ಲೆಯ ನಮ್ಮ ಉಪ್ಪಳದಿಂದ ಗಡಿಯ ತಲಪಾಡಿ ದಾಟಿದರೆ ಮಂಗಳೂರು ಬಂದೇ ಬಿಟ್ಟಿತು. ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗಬೇಕಾದರೆ ಇಡೀ ಕಾಸರಗೋಡು ಜಿಲ್ಲೆಯನ್ನು ಉದ್ದಕ್ಕೆ ದಾಟಿ ಕಣ್ಣೂರು ಜಿಲ್ಲೆ ಸೇರಬೇಕು.

ಹಾಗೆ ಹೋಗುವುದು ಹೆಚ್ಚಾಗಿ ಖಾಸಗಿ ಆಸ್ಪತ್ರೆಗೆ. ಹಾಗಾಗಿ ಸರ್ಕಾರವೂ ಖಾಸಗಿಯವರೂ ಕೈಜೋಡಿಸುವ ಸಹಭಾಗಿತ್ವ ಅಂದರೆ ನಮಗೆ ಒಂದು ಕಾರ್ಡು. ಆಸ್ಪತ್ರೆ ಖರ್ಚು ಭರಿಸುವ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯದ್ದು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ದುಡ್ಡು ಸರ್ಕಾರದ್ದು, ಬೆಡ್ಡು ಖಾಸಗಿಯವರದ್ದು. ಆದರೆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದ್ದರೆ ಸಾಲದು, ವಿಭಾಗವೂ ಇರಬೇಕು. ನಮ್ಮ ಚಿಕ್ಕಮ್ಮ ಅಂಗಳದಲ್ಲಿ ಜಾರಿ ಬಿದ್ದಾಗ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಕೌಂಟರಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, "ಕೇರಳದ್ದಾ? ಹಾರ್ಟಿಗೆ ಆಗ್ತದೆ, ಮೂಳೆಗೆ ಆಗುವುದಿಲ್ಲ" ಅಂದಳು. ಸೊಂಟ ಹಿಡಿದುಕೊಂಡೇ ಚಿಕ್ಕಮ್ಮ, "ಬೀಳುವ ಮೊದಲು ಕೇಳಬೇಕಿತ್ತು, ಅಲ್ವಾ?" ಅಂದರು. ನಾವು ಬಳೆ ಅಡವಿಟ್ಟೆವು.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯನ್ನೇ ಮುಚ್ಚಿದರು. ಒಳರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್ ತಿರುಗಿಸಿ ಕಳಿಸಿದ್ದೂ ಇದೆ. ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿಯವರೆಗೆ ಗಡಿ ಅಂದರೆ ನಮಗೆ ಬಸ್ಸಿನ ಸ್ಟಾಪು, ಅಷ್ಟೇ ಆಗಿತ್ತು.

ಅದೇ ವರ್ಷ ನಮ್ಮ ಜಿಲ್ಲೆಯ ತೆಕ್ಕಿಲ್‌ನಲ್ಲಿ ಕೇರಳ ಸರ್ಕಾರ ಜಾಗ ಕೊಟ್ಟಿತು, ಟಾಟಾದವರು ಕಂಟೈನರ್‌ನಂಥ ಕೋಣೆಗಳನ್ನು ಜೋಡಿಸಿ 551 ಹಾಸಿಗೆಯ ಕೋವಿಡ್ ಆಸ್ಪತ್ರೆ ಕಟ್ಟಿಕೊಟ್ಟರು. ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಡಾಕ್ಟರು, ನರ್ಸುಗಳ ಹುದ್ದೆ ಮಂಜೂರಾಗಿ ರೋಗಿಗಳನ್ನು ಸೇರಿಸಿಕೊಳ್ಳುವಾಗ ಅಕ್ಟೋಬರ್ ಕೊನೆ. ಕೆಲವೇ ತಿಂಗಳಲ್ಲಿ ಆಸ್ಪತ್ರೆ ಏಳುತ್ತದೆ ಅಂತ ಅಲ್ಲಿ ಕಣ್ಣಾರೆ ಕಂಡೆವು. ಗೋಡೆ ಖಾಸಗಿಯವರು ಕೊಟ್ಟಾರು. ಆದರೆ ದಿನಾ ಬೆಳಿಗ್ಗೆ ಹೊರರೋಗಿಗಳನ್ನು ನೋಡಲು ಕೂರುವ ಡಾಕ್ಟರಿಗೆ ತಿಂಗಳು ತಿಂಗಳು ಸಂಬಳ ಕೊಡುವವರು ಯಾರು? ನನ್ನ ಪ್ರಕಾರ ಇಂಥ ಸಹಭಾಗಿತ್ವದ ಒಪ್ಪಂದದಲ್ಲಿ ಮೊದಲು ಬರೆಯಬೇಕಾದದ್ದು ಅದು.

ನಮ್ಮ ಜಿಲ್ಲೆಯಲ್ಲೇ, ಉಕ್ಕಿನಡ್ಕದಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಅದರ ಕಥೆ ಹೇಳಿದರೆ ಇವತ್ತು ಮುಗಿಯುವುದಿಲ್ಲ.

ನಮ್ಮ ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಮಂಗಳೂರಿಗೆ ಗಾಡಿ ಬಿಡುವ ಆಂಬುಲೆನ್ಸ್ ಡ್ರೈವರಿನ ನಂಬರ್ ಇದೆ. ಅದರ ಕೆಳಗೆ, ಯಾವ ಆಸ್ಪತ್ರೆಯಲ್ಲಿ ಯಾವ ವಿಭಾಗಕ್ಕೆ ಕಾರ್ಡು ನಡೆಯುತ್ತದೆ ಅನ್ನುವ ಪಟ್ಟಿ. ಬದಲಾಗುತ್ತಾ ಇರುತ್ತದೆ ಅಂತ ಚಿಕ್ಕಮ್ಮ ಪೆನ್ಸಿಲಿನಲ್ಲಿ ಬರೆದಿದ್ದಾರೆ.