ವ್ಯಾನ್ ಕೊಳ್ಳಬಹುದು, ಕಂತು ಕಟ್ಟುವವರು ಯಾರು?

ಜಗಳೂರು ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: ನಮ್ಮೂರ 24 ಮನೆಯವರು ಒಬ್ಬೊಬ್ಬರೂ ಕಾರು ಕೊಳ್ಳುವ ಬದಲು ಸೇರಿ 12 ಸೀಟಿನ ವ್ಯಾನ್ ಕೊಂಡು, 50 ಕಿ.ಮೀ. ದೂರದ ದಾವಣಗೆರೆಗೆ ದಿನಾ ಓಡಿಸಬಹುದೇ? ಹತ್ತಿದವರಿಂದ ತಲೆಗೆ 80 ರೂಪಾಯಿ ತೆಗೆದುಕೊಂಡರೆ ಸಾಕೇ?

ಉತ್ತರ: ಓಡಿಸಬಹುದು, ಆದರೆ 80 ರೂಪಾಯಿ ಸಾಲದು. ವ್ಯಾನಿಗೆ 15 ಲಕ್ಷ ಎಂದಿಟ್ಟುಕೊಳ್ಳಿ. ಮನೆಗೆ 25,000 ಷೇರು ಹಾಕಿದರೆ 6 ಲಕ್ಷ. ಉಳಿದ 9 ಲಕ್ಷ ಸಾಲಕ್ಕೆ 10% ಬಡ್ಡಿಯಲ್ಲಿ 5 ವರ್ಷದ ಕಂತು ತಿಂಗಳಿಗೆ ಸುಮಾರು 19,100. ಚಾಲಕರ ಸಂಬಳ 18,000, ವಿಮೆ-ತೆರಿಗೆ-ಎಫ್‌ಸಿ 6,000, ಟೈರು-ಸರ್ವಿಸ್ 5,000, ಮುಂದಿನ ವ್ಯಾನಿನ ನಿಧಿಗೆ 8,000. ಒಟ್ಟು 56,100. ಗಾಡಿ ನಿಂತಿದ್ದರೂ ಈ ಖರ್ಚು ನಿಲ್ಲದು. ಡೀಸೆಲ್ ಬೇರೆ: 26 ದಿನಕ್ಕೆ 2,600 ಕಿ.ಮೀ., ಲೀಟರಿಗೆ 13 ಕಿ.ಮೀ. ಕೊಟ್ಟರೆ 200 ಲೀಟರ್, 90 ರೂಪಾಯಿಯಂತೆ 18,000. ನಿಮ್ಮ ಲೆಕ್ಕದಲ್ಲಿ ದಿನಾ 10 ಜನ ಹೋಗಿ ಬಂದರೂ ಕೈಗೆ ಬರುವುದು 41,600!

ಸುಗ್ಗಿಯಲ್ಲಿ, ಮದುವೆ ಸೀಸನ್ನಿನಲ್ಲಿ ಸೀಟು ಖಾಲಿ. ಕೊರತೆ ತುಂಬಲು ದರ ಏರಿಸುತ್ತೀರಿ, ದಿನಾ ಹತ್ತುವವರೂ ಬೈಕು ಹಿಡಿಯುತ್ತಾರೆ. ಆದ್ದರಿಂದ ಖಾಯಂ ಖರ್ಚನ್ನು ಎಲ್ಲ ಮನೆಗಳಿಗೂ ಹಂಚಿ: ಹತ್ತಲಿ ಬಿಡಲಿ, ತಿಂಗಳಿಗೆ 2,340. ಹತ್ತಿದವರು ಡೀಸೆಲ್ ಪಾಲು ಮಾತ್ರ ಕೊಡಲಿ, ಒಂದು ಸಲಕ್ಕೆ 35 ರೂಪಾಯಿ. ಮುಂದಿನ ವ್ಯಾನಿನ ನಿಧಿ ಬೇಡ ಎನ್ನುವವರು ಸಭೆಯಲ್ಲಿ ಇದ್ದೇ ಇರುತ್ತಾರೆ, ಮಣಿಯಬೇಡಿ. 8 ವರ್ಷಕ್ಕೆ ಅದೇ 7.68 ಲಕ್ಷ.

24 ಮನೆಯವರ ಸಂಘದ ನೋಂದಣಿ ಸಹಕಾರ ಇಲಾಖೆಯಲ್ಲಿ. ಬೈಲಾದಲ್ಲಿ ಷೇರು ವಾಪಸಾತಿಯ ನಿಯಮ ಮೊದಲೇ ಬರೆಸಿ. ಆದರೆ ವೈಟ್ ಬೋರ್ಡಿನ, ಅಂದರೆ ಸ್ವಂತ ಬಳಕೆಯ ಗಾಡಿಯನ್ನು ಹಣ ಪಡೆದು ಓಡಿಸಬೇಡಿ. ಅಪಘಾತವಾದರೆ ವಿಮಾ ಕಂಪನಿ ಕೈಚೆಲ್ಲಬಹುದು, ಪರ್ಮಿಟ್ ಇಲ್ಲದ್ದಕ್ಕೆ ದಂಡ ಬೇರೆ. ಯೆಲ್ಲೋ ಬೋರ್ಡ್ ಮ್ಯಾಕ್ಸಿಕ್ಯಾಬಿನ ಒಪ್ಪಂದ ಪರ್ಮಿಟ್ (ಇಡೀ ಗಾಡಿಯನ್ನು ಒಟ್ಟಾಗಿ ಬಾಡಿಗೆಗೆ ಕೊಡುವ ಪರವಾನಗಿ) ಇದ್ದರೂ ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿ ತಲೆಗಿಷ್ಟು ಎಂದು ವಸೂಲಿ ಮಾಡುವಂತಿಲ್ಲ. ಅದಕ್ಕೆ ಬೇಕಾದದ್ದು ಬಸ್ಸುಗಳಿಗಿರುವಂಥ ಸ್ಟೇಜ್ ಕ್ಯಾರೇಜ್ ಪರ್ಮಿಟ್. ಸದಸ್ಯರ ಪಟ್ಟಿ ಗಾಡಿಯಲ್ಲಿರಲಿ, ಹಣ ಸಂಘದ ಖಾತೆಗೇ ಬರಲಿ, ಚಾಲಕರ ಕೈಗಲ್ಲ. ಸದಸ್ಯರಿಂದ ಸಲಕ್ಕೆ 35 ರೂಪಾಯಿ ಪಡೆಯಲು ಯಾವ ಪರ್ಮಿಟ್ ಬೇಕು ಎಂದು ಖರೀದಿಗೆ ಮೊದಲು ದಾವಣಗೆರೆ ಆರ್‌ಟಿಒ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಸರ್ಕಾರಿ ಬಸ್ಸಿನ ವೇಳೆಗೆ ಪೈಪೋಟಿಯೂ ಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಅದು ಉಚಿತ. ನಿಮ್ಮ ಅರ್ಧ ಸೀಟು ಅಲ್ಲೇ ಹೋದೀತು. ಬಸ್ಸಿಲ್ಲದ ಬೆಳಗಿನ, ರಾತ್ರಿಯ ವೇಳೆ ಹಿಡಿಯಿರಿ. ಕಾರ್ಮಿಕರೇ ಒಡೆಯರಾಗಿದ್ದ ಕೊಪ್ಪದ ಸಹಕಾರ ಸಾರಿಗೆ 1991ರಿಂದ ಮಲೆನಾಡಿನಲ್ಲಿ ಬಸ್ ಓಡಿಸಿ, 2020ರಲ್ಲಿ ನಷ್ಟದಿಂದ ನಿಂತಿತು. ಒಗ್ಗಟ್ಟಿದ್ದರೂ ಲೆಕ್ಕ ಕೂಡಿಬರಬೇಕು.

ಜಗಳ ಹುಟ್ಟುವುದು ಬೆಳಗಿನ ಟ್ರಿಪ್ಪಿನಲ್ಲೇ, 24 ಮನೆಗೆ 12 ಸೀಟು. ಹತ್ತನ್ನು ತಿಂಗಳ ಪಾಸಿಗೆ ಕೊಟ್ಟು, ಎರಡನ್ನು ಆಸ್ಪತ್ರೆಗೆ ಹೋಗುವವರಿಗೆ ಹಿಂದಿನ ರಾತ್ರಿ 8ರವರೆಗೆ ಕಾದಿರಿಸಿ. ಸಾಲಕ್ಕೆ ಸಹಿ ಹಾಕುವ ಮೊದಲು ಪರ್ಮಿಟ್ ಇರುವ ವ್ಯಾನನ್ನು ಮೂರು ತಿಂಗಳು ಬಾಡಿಗೆಗೆ ಓಡಿಸಿ ನೋಡಿ. ಆ ಮೂರು ತಿಂಗಳೂ ತಪ್ಪದೆ 2,340 ಕಟ್ಟಿದ ಮನೆಗಳೆಷ್ಟೋ ಅಷ್ಟನ್ನೇ ಸದಸ್ಯರೆಂದು ಹಿಡಿದು ಮತ್ತೆ ಲೆಕ್ಕ ಹಾಕಿ.