ಡಯೋಡ್ ಪ್ರಯೋಗ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 1ಎನ್4007 ಡಯೋಡಿಗೆ ರಿವರ್ಸ್ ಬಯಾಸ್ (ಡಯೋಡ್ ಕರೆಂಟ್ ತಡೆಯುವ ಉಲ್ಟಾ ದಿಕ್ಕಿನ ವೋಲ್ಟೇಜ್) ಕೊಟ್ಟಾಗ 5 ವೋಲ್ಟಿಗೆ 0.5, 10 ವೋಲ್ಟಿಗೆ 1 ಮೈಕ್ರೋಆಂಪಿಯರ್ ಬರುತ್ತಿದೆ. ಡಯೋಡ್ ಬದಲಿಸಿದರೂ ಅಷ್ಟೇ. ರಿವರ್ಸ್ ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಇರಬೇಕಲ್ಲವೇ?

ಉತ್ತರ: ಡಯೋಡ್ ಚೆನ್ನಾಗಿದೆ. ನೀವು ಅಳೆದಿರುವುದು ವೋಲ್ಟ್‌ಮೀಟರಿನ ಕರೆಂಟನ್ನು! ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದಕ್ಕೆ 10 ವೋಲ್ಟ್ ಬಿದ್ದರೆ ಸರಿಯಾಗಿ 1 ಮೈಕ್ರೋಆಂಪಿಯರ್ ಹರಿಯುತ್ತದೆ. ಮೀಟರನ್ನು ಡಯೋಡಿನ ಎರಡು ತುದಿಗೇ ಜೋಡಿಸಿದ್ದರಿಂದ ಆ ಕರೆಂಟೂ ಅಮ್ಮೀಟರಿನ ಮೂಲಕವೇ ಹೋಗಿದೆ.

ರಿವರ್ಸ್‌ನಲ್ಲಿ ವೋಲ್ಟ್‌ಮೀಟರ್ ಅಮ್ಮೀಟರ್ ಮತ್ತು ಡಯೋಡ್ ಎರಡನ್ನೂ ಸೇರಿಸಿ ಅಳೆಯಲಿ. ಫಾರ್ವರ್ಡ್‌ನಲ್ಲಿ (ಕರೆಂಟ್ ಸರಾಗವಾಗಿ ಹರಿಯುವ ದಿಕ್ಕಿನಲ್ಲಿ) ಮಾತ್ರ ನೇರವಾಗಿ ಡಯೋಡಿಗೇ ಜೋಡಿಸಿ. ಅಲ್ಲಿ ಕರೆಂಟ್ ಮಿಲಿಆಂಪಿಯರುಗಳಲ್ಲಿ ಇರುವುದರಿಂದ ವೋಲ್ಟ್‌ಮೀಟರ್ ಎಳೆಯುವುದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಮ್ಮೀಟರಿನಲ್ಲಿ ಬೀಳುವ 0.1 ವೋಲ್ಟ್ ಸೇರಿಕೊಂಡರೆ ಡಯೋಡಿನ 0.7 ವೋಲ್ಟ್ ಎಂಬುದು 0.8 ಆಗಿಬಿಡುತ್ತದೆ. 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿರಲಿ. 0.4 ವೋಲ್ಟ್ ದಾಟಿದ ಮೇಲೆ 0.05ರಂತೆ ಏರಿಸಿ: 0.7 ಎನ್ನುವುದು ಸ್ವಿಚ್ ಅಲ್ಲ, ಸುಮಾರು 0.1 ವೋಲ್ಟ್ ಹೆಚ್ಚಿದಂತೆಲ್ಲ ಕರೆಂಟ್ ಹತ್ತು ಪಟ್ಟಾಗುತ್ತದೆ.

ಮೀಟರಿನ ಜೋಡಣೆ ಸರಿಪಡಿಸಿದ ಮೇಲೆ ರಿವರ್ಸ್ ಕರೆಂಟ್ ಸೊನ್ನೆ ಎಂದು ಕಾಣಬಹುದು. ಸಿಲಿಕಾನ್‌ನಲ್ಲಿ ಅದು ನ್ಯಾನೋಆಂಪಿಯರುಗಳಷ್ಟೇ, ನಿಮ್ಮ ಮೀಟರಿಗೆ ನಿಲುಕದು. ಆಗ 10 ಮೆಗಾಓಮ್ ದೋಷವನ್ನೇ ಉಪಯೋಗಕ್ಕೆ ತನ್ನಿ. ಅಮ್ಮೀಟರ್ ತೆಗೆದು, ಅದೇ ಜಾಗದಲ್ಲಿ ಮಲ್ಟಿಮೀಟರನ್ನು 200 ಮಿಲಿವೋಲ್ಟ್ ರೇಂಜಿನಲ್ಲಿಟ್ಟು ಸರಣಿಯಲ್ಲಿ ಸೇರಿಸಿ. 10 ಮಿಲಿವೋಲ್ಟ್ ತೋರಿಸಿದರೆ 1 ನ್ಯಾನೋಆಂಪಿಯರ್ ಎಂದರ್ಥ. ಬಿಸಿ ಸೋಲ್ಡರಿಂಗ್ ಐರನ್ನನ್ನು ಡಯೋಡಿಗೆ ತಾಕಿಸದೆ ಹತ್ತಿರ ತಂದರೆ ಅಂಕಿ ಏರುತ್ತಾ ಹೋಗುತ್ತದೆ. ಈ ಕರೆಂಟಿಗೆ ಬೇಕಾದ ಎಲೆಕ್ಟ್ರಾನ್ ಮತ್ತು ರಂಧ್ರಗಳನ್ನು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳನ್ನು) ಒದಗಿಸುವುದು ಶಾಖ. ವೋಲ್ಟೇಜ್ ಅವನ್ನು ಡಯೋಡಿನ ಎರಡು ಭಾಗ ಕೂಡುವ ಸಂಧಿಯಾಚೆಗೆ ಎಳೆದೊಯ್ಯುತ್ತದೆ ಅಷ್ಟೇ. ವಿದ್ಯಾರ್ಥಿಗಳಿಗೆ ಇದನ್ನು ಖಂಡಿತ ತೋರಿಸಿ, ಗ್ರಾಫಿಗಿಂತ ಚೆನ್ನಾಗಿ ಮನಸ್ಸಿಗೆ ನಾಟುತ್ತದೆ. 1ಎನ್4148ರಂಥ ಗಾಜಿನ ಡಯೋಡಾದರೆ ಕಪ್ಪು ಟೇಪು ಸುತ್ತಿರಿ, ಇಲ್ಲದಿದ್ದರೆ ಬೆಳಕು ಬಿದ್ದರೂ ಅಂಕಿ ಏರುತ್ತದೆ.

ಪ್ರಶ್ನೆ: ಸಂಧಿಯಲ್ಲಿ ತಡೆ ವಿಭವ (ತಾನಾಗಿ ಉಂಟಾಗುವ ವೋಲ್ಟೇಜ್) ಇದೆ ಎನ್ನುತ್ತಾರೆ. ಬಯಾಸ್ ಇಲ್ಲದ ಡಯೋಡಿಗೆ ಮೀಟರ್ ಹಿಡಿದರೆ ಏಕೆ ಸೊನ್ನೆ?

ಉತ್ತರ: ಲೋಹದ ತಂತಿ ಅರೆವಾಹಕವನ್ನು ಮುಟ್ಟುವ ಎರಡು ಕಡೆಯೂ ಸಂಪರ್ಕ ವಿಭವ ಉಂಟಾಗುತ್ತದೆ. ಸುತ್ತು ಹಾಕಿ ಬಂದಾಗ ಎಲ್ಲ ಕೂಡಿ ಸೊನ್ನೆ.

ಪ್ರಶ್ನೆ: ಬ್ರೇಕ್‌ಡೌನ್ (ರಿವರ್ಸ್ ವೋಲ್ಟೇಜ್ ಮಿತಿ ದಾಟಿ ಕರೆಂಟ್ ಒಮ್ಮೆಲೇ ಏರುವುದು) ತೋರಿಸಲು ಎಷ್ಟು ವೋಲ್ಟ್ ಕೊಡಬೇಕು?

ಉತ್ತರ: 1ಎನ್4007ರಲ್ಲಿ ಬೇಡವೇ ಬೇಡ. ಅದರ ರಿವರ್ಸ್ ಮಿತಿ 1000 ವೋಲ್ಟ್, ಪ್ರಾಣಕ್ಕೇ ಅಪಾಯ. ಅರ್ಧ ವಾಟಿನ 5.1 ವೋಲ್ಟ್ ಜೀನರ್ (ನಿಗದಿತ ವೋಲ್ಟಿಗೇ ಬ್ರೇಕ್‌ಡೌನ್ ಆಗುವಂತೆ ಮಾಡಿದ ಡಯೋಡ್) ತಗೊಳ್ಳಿ, 1 ಕಿಲೋಓಮ್ ಸರಣಿಯಲ್ಲಿಟ್ಟು ಸಪ್ಲೈಯನ್ನು 12 ವೋಲ್ಟಿನವರೆಗೆ ಏರಿಸಿ. ಜೀನರ್ 5.1ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಕರೆಂಟ್ ಸುಮಾರು 7 ಮಿಲಿಆಂಪಿಯರ್. ಒಂದು ವಾಟಿನ 1ಎನ್4733 ಹಾಕಿದರೆ ಸ್ವಲ್ಪ ಕಡಿಮೆ ತೋರಿಸೀತು, ಅದರ 5.1 ವೋಲ್ಟ್ ನಿಗದಿಯಾಗಿರುವುದು 49 ಮಿಲಿಆಂಪಿಯರಿಗೆ. ರೆಸಿಸ್ಟರ್ ಮರೆತರೆ ಜೀನರ್ ಸುಡುತ್ತದೆ. ಸುಡುವುದು ಬ್ರೇಕ್‌ಡೌನಿನಿಂದಲ್ಲ, ಮಿತಿಯಿಲ್ಲದ ಕರೆಂಟಿನ ಬಿಸಿಯಿಂದ.